ಬೆಟ್ಟಕ್ಕೂ ಜೌಗಿಗೂ ನಡುವಿನ ಪಟ್ಟಿ: ಟ್ರಿನಿಡಾಡ್‌ನ ಪೂರ್ವ–ಪಶ್ಚಿಮ ಕಾರಿಡಾರ್

ಕೆರಿಬಿಯನ್‌ನ ಟ್ರಿನಿಡಾಡ್ ಮತ್ತು ಟೊಬಾಗೊ ದೇಶದಲ್ಲಿ ಸಂಪತ್ತು ಹುಟ್ಟುವ ಜಾಗ ಒಂದು, ಜನ ಒತ್ತೊತ್ತಾಗಿ ಬದುಕುವ ಜಾಗ ಮತ್ತೊಂದು. ತೈಲ ಸಿಗುವುದು ಟ್ರಿನಿಡಾಡ್ ದ್ವೀಪದ ದಕ್ಷಿಣ ಭಾಗದ ನೆಲದಲ್ಲಿ ಮತ್ತು ಸುತ್ತಲಿನ ಸಮುದ್ರದಲ್ಲಿ. ನೈಸರ್ಗಿಕ ಅನಿಲ ಬರುವುದು ಬಹುಮಟ್ಟಿಗೆ ಕಡಲ ತಳದಿಂದ. ಆ ಅನಿಲವನ್ನು ಅಮೋನಿಯಾ ಮತ್ತು ಮೆಥನಾಲ್ ಆಗಿ ಪರಿವರ್ತಿಸುವ ಕಾರ್ಖಾನೆಗಳು ಪಶ್ಚಿಮ ಕರಾವಳಿಯ ಪಾಯಿಂಟ್ ಲೀಸಾಸ್‌ನಲ್ಲಿವೆ. ಅದನ್ನು ದ್ರವರೂಪಕ್ಕಿಳಿಸಿ ಹಡಗಿಗೆ ತುಂಬುವ ಘಟಕಗಳು ನೈಋತ್ಯದ ಪಾಯಿಂಟ್ ಫೋರ್ಟಿನ್‌ನಲ್ಲಿ 1999ರಿಂದ ಕೆಲಸ ಮಾಡುತ್ತಿವೆ. ಆದರೆ ಸಚಿವಾಲಯಗಳು, ಬ್ಯಾಂಕುಗಳು, ವಿಶ್ವವಿದ್ಯಾಲಯ, ವಿಮಾನ ನಿಲ್ದಾಣ, ಪ್ರಮುಖ ಆಸ್ಪತ್ರೆ ಮತ್ತು ದೇಶದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನ ಇರುವುದು ದ್ವೀಪದ ಉತ್ತರದಲ್ಲಿ, ಬೆಟ್ಟಸಾಲಿನ ಬುಡಕ್ಕೆ ಅಂಟಿಕೊಂಡ ಕಿರಿದಾದ ಒಂದು ಪಟ್ಟಿಯಲ್ಲಿ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಪೂರ್ವದ ಅರೀಮಾ ಪಟ್ಟಣದವರೆಗೆ ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಎಲ್ಲಿಯೂ ಕಡಿದುಹೋಗದಂತೆ ಹಬ್ಬಿರುವ ಈ ಜನವಸತಿಯನ್ನು ಅಲ್ಲಿನವರು ಪೂರ್ವ–ಪಶ್ಚಿಮ ಕಾರಿಡಾರ್ ಎಂದು ಕರೆಯುತ್ತಾರೆ. ಈ ಹೆಸರನ್ನು ಬಳಕೆಗೆ ತಂದವರು ಟ್ರಿನಿಡಾಡ್‌ನ ಅರ್ಥಶಾಸ್ತ್ರಜ್ಞ ಮತ್ತು ಚಿಂತಕ ಲಾಯ್ಡ್ ಬೆಸ್ಟ್.

2011ರ ಜನಗಣತಿಯ ಪ್ರಕಾರ ಇಡೀ ದೇಶದ ಜನಸಂಖ್ಯೆ 13,28,019. ಅದರಲ್ಲಿ ಪೋರ್ಟ್ ಆಫ್ ಸ್ಪೇನ್ ನಗರದ ಪಾಲು ಬರೀ 37,074. ಈ ಸಂಖ್ಯೆಯೊಂದನ್ನೇ ನೋಡಿದವರಿಗೆ ರಾಜಧಾನಿ ಒಂದು ಸಣ್ಣ ಊರೆಂಬ ಭಾವನೆ ಬರುವುದು ಸಹಜ. ಆದರೆ ನಗರದ ಗಡಿ ದಾಟಿದ ಕೂಡಲೇ ಸಿಗುವ ಸಾನ್ ಹ್ವಾನ್–ಲಾವೆಂಟಿಲ್ ಪ್ರದೇಶದಲ್ಲಿ 1,57,258, ಅದರಾಚೆಯ ಟ್ಯೂನಾಪೂನಾ–ಪಿಯಾರ್ಕೊ ಪ್ರದೇಶದಲ್ಲಿ 2,15,119, ಪೂರ್ವ ತುದಿಯ ಅರೀಮಾದಲ್ಲಿ 33,606 ಜನರಿದ್ದರು. ಇವು ನಾಲ್ಕನ್ನೂ ಕೂಡಿಸಿದರೆ ದೇಶದ ಜನರಲ್ಲಿ ಮೂವರಿಗೊಬ್ಬರು ಇಲ್ಲೇ ಸಿಗುತ್ತಾರೆ. ನಗರದ ಪಶ್ಚಿಮಕ್ಕಿರುವ ಡಿಯೇಗೊ ಮಾರ್ಟಿನ್‌ನ 1,02,957 ಜನರನ್ನೂ ಸೇರಿಸಿದರೆ ಪಾಲು ಶೇ. 41ಕ್ಕೆ ಏರುತ್ತದೆ. ಈ ಆಡಳಿತ ಪ್ರದೇಶಗಳ ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ ಸಾಂದ್ರತೆಯನ್ನು ಲೆಕ್ಕ ಹಾಕಿದರೆ ನಿಜವಾದ ಚಿತ್ರ ಸಿಗುವುದಿಲ್ಲ. ಏಕೆಂದರೆ ಅವುಗಳ ದೊಡ್ಡ ಭಾಗ ಕಾಡು ತುಂಬಿದ ಬೆಟ್ಟ. ಜನ ನೆಲೆಸಿರುವುದು ತಪ್ಪಲಿನ ಕೆಲವೇ ಕಿಲೋಮೀಟರ್ ಅಗಲದ ನೆಲದಲ್ಲಿ.

ಪಟ್ಟಿ ಅಲ್ಲೇ ಏಕೆ ಬೆಳೆಯಿತು ಎಂಬ ಪ್ರಶ್ನೆಗೆ ಉತ್ತರವನ್ನು ಮೊದಲು ಕಲ್ಲುಮಣ್ಣಿನಲ್ಲಿ ಹುಡುಕಬೇಕು. ದ್ವೀಪದ ಉತ್ತರ ಅಂಚಿನುದ್ದಕ್ಕೂ ನಿಂತಿರುವ ನಾರ್ದರ್ನ್ ರೇಂಜ್ ಬೆಟ್ಟಸಾಲು ವೆನೆಜುವೆಲಾದ ಪಾರಿಯಾ ಪರ್ಯಾಯ ದ್ವೀಪದ ಕರಾವಳಿ ಪರ್ವತಗಳ ಮುಂದುವರಿಕೆ. ನಡುವೆ ಸಮುದ್ರ ಬಂದಿದ್ದರೂ ಶಿಲೆಗಳ ವಂಶ ಒಂದೇ. ಅದರ ಅತಿ ಎತ್ತರದ ಶಿಖರ ಎಲ್ ಸೆರೊ ಡೆಲ್ ಅರೀಪೊ 940 ಮೀಟರ್. ಈ ಬೆಟ್ಟದ ದಕ್ಷಿಣ ಮಗ್ಗುಲಿನಿಂದ ಮರಾವಲ್, ಸೇಂಟ್ ಆನ್ಸ್, ಸಾಂತಾ ಕ್ರೂಸ್, ಮರಾಕಾಸ್, ಕೌರಾ, ಅರೌಕಾ, ಅರೀಮಾ ಮುಂತಾದ ಕಣಿವೆಗಳು ಒಂದರ ಪಕ್ಕ ಒಂದು ತೆರೆದುಕೊಳ್ಳುತ್ತವೆ. ಪ್ರತಿ ಕಣಿವೆಯ ಹೊಳೆಯೂ ಬೆಟ್ಟದಿಂದ ತಂದ ಜಲ್ಲಿ ಮತ್ತು ಮರಳನ್ನು ಕಣಿವೆಯ ಬಾಯಲ್ಲಿ ಬೀಸಣಿಗೆಯಾಕಾರದಲ್ಲಿ ಹರಡುತ್ತ ಬಂದಿದೆ. ಸಾವಿರಾರು ವರ್ಷ ಹೀಗೆ ಬಿದ್ದ ಜಲ್ಲಿಯ ರಾಶಿಗಳು ಪರಸ್ಪರ ಕೂಡಿಕೊಂಡು, ಬೆಟ್ಟದ ಬುಡದಲ್ಲಿ ತುಸು ಎತ್ತರದ, ನೀರು ನಿಲ್ಲದ ಜಗಲಿಯಂಥ ಭೂಮಿಯಾಗಿ ರೂಪುಗೊಂಡಿವೆ.

ಈ ಜಗಲಿಯ ದಕ್ಷಿಣಕ್ಕೆ ನೆಲದ ಸ್ವಭಾವವೇ ಬೇರೆ. ಬೆಟ್ಟದ ಹೊಳೆಗಳೆಲ್ಲ ಸೇರುವ ಕರೋನಿ ನದಿ ಪಶ್ಚಿಮಾಭಿಮುಖವಾಗಿ ನಿಧಾನವಾಗಿ ಹರಿದು ಪಾರಿಯಾ ಕೊಲ್ಲಿಯನ್ನು ಸೇರುವ ಮುನ್ನ ಕರೋನಿ ಜೌಗಿನಲ್ಲಿ ಹರಡಿಕೊಳ್ಳುತ್ತದೆ. ಜೇಡಿಮಣ್ಣಿನ ಈ ತಗ್ಗು ಬಯಲು ಕಬ್ಬಿಗೂ ಭತ್ತಕ್ಕೂ ಒಳ್ಳೆಯದು, ಮನೆ ಕಟ್ಟುವುದಕ್ಕಲ್ಲ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಡಿಸೆಂಬರ್‌ವರೆಗೆ, ಅದರ ದೊಡ್ಡ ಭಾಗಕ್ಕೆ ನೆರೆಯ ಭಯವಿರುತ್ತದೆ. ಜೌಗಿನಲ್ಲಿ ಕಾಂಡ್ಲಾ ಕಾಡು ಇದೆ. ದೇಶದ ರಾಷ್ಟ್ರಪಕ್ಷಿಗಳಲ್ಲಿ ಒಂದಾದ ಕಡುಗೆಂಪು ಐಬಿಸ್ ಹಕ್ಕಿಗಳು ಸಂಜೆ ಮರಳಿ ಬಂದು ಕೂರುವುದು ಅಲ್ಲೇ. ಹೀಗೆ ಉತ್ತರದಲ್ಲಿ ಕಡಿದಾದ ಬೆಟ್ಟ, ದಕ್ಷಿಣದಲ್ಲಿ ನೀರು ನಿಲ್ಲುವ ಬಯಲು. ನಡುವಿನ ಜಲ್ಲಿಯ ನೆಲದಲ್ಲಿ ಮಾತ್ರ ಒಣ ಅಡಿಪಾಯ, ಕಣಿವೆಗಳಿಂದ ಹರಿದು ಬರುವ ಸಿಹಿನೀರು ಮತ್ತು ಜಲ್ಲಿಯ ಪದರಗಳಲ್ಲಿ ಕೂಡಿಟ್ಟಂತಿರುವ ಅಂತರ್ಜಲ ಒಟ್ಟಿಗೆ ಸಿಗುತ್ತವೆ. ವಾಲ್ಸೇನ್ ಮತ್ತು ಎಲ್ ಸೊಕೊರೊ ಬಡಾವಣೆಗಳ ಕೆಳಗಿನ ಜಲ್ಲಿಪದರಗಳಿಂದ ಎತ್ತುವ ನೀರನ್ನು ಕಾರಿಡಾರ್ ಇಂದಿಗೂ ಕುಡಿಯುತ್ತಿದೆ.

ಸ್ಪೇನಿನವರು 1592ರಲ್ಲಿ ತಮ್ಮ ಮೊದಲ ಪಟ್ಟಣ ಸಾನ್ ಹೋಸೆ ಡೆ ಒರೂನ್ಯಾವನ್ನು, ಅಂದರೆ ಇಂದಿನ ಸೇಂಟ್ ಜೋಸೆಫ್ ಅನ್ನು, ಕಟ್ಟಿದ್ದು ಸಮುದ್ರದಂಡೆಯಲ್ಲಲ್ಲ, ಮರಾಕಾಸ್ ಕಣಿವೆಯ ಬಾಯಲ್ಲಿ. ಕಡಲ ಕಡೆಯಿಂದ ಬರುವ ದಾಳಿಯಿಂದ ದೂರವಿರಬೇಕೆಂಬುದು ಉದ್ದೇಶವಾಗಿತ್ತು. ಆದರೂ 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರಾಲಿ ಬಂದು ಅದನ್ನು ಸುಟ್ಟ. ಪಟ್ಟಣ ಮತ್ತೆ ಎದ್ದಿತು, ಒಂದೂವರೆ ಶತಮಾನ ರಾಜಧಾನಿಯಾಗಿಯೂ ಉಳಿಯಿತು. 1757ರಲ್ಲಿ ಗವರ್ನರ್ ತಮ್ಮ ವಾಸವನ್ನು ಬಂದರಿನ ಊರಾದ ಪೋರ್ಟ್ ಆಫ್ ಸ್ಪೇನ್‌ಗೆ ಬದಲಾಯಿಸಿದರು. 1783ರಲ್ಲಿ ಸ್ಪೇನಿನ ದೊರೆ ಹೊರಡಿಸಿದ ಫರ್ಮಾನು ಕ್ಯಾಥೊಲಿಕ್ ವಲಸಿಗರಿಗೆ ಭೂಮಿ ಕೊಡುವುದಾಗಿ ಕರೆದಾಗ, ಫ್ರೆಂಚ್ ತೋಟದ ಯಜಮಾನರು ತಮ್ಮ ಗುಲಾಮರನ್ನು ಕರೆತಂದು ಇಲ್ಲಿ ನೆಲೆಸಿದರು. ಬಂದರು ಬೆಳೆಯಿತು. ಗವರ್ನರ್ ಚಾಕೋನ್ 1787ರಲ್ಲಿ ಊರಿನ ನಡುವೆ ಹರಿಯುತ್ತಿದ್ದ ಸೇಂಟ್ ಆನ್ಸ್ ಹೊಳೆಯನ್ನು ಪೂರ್ವಕ್ಕೆ, ಲಾವೆಂಟಿಲ್ ಗುಡ್ಡದ ಬುಡಕ್ಕೆ ತಿರುಗಿಸಿ ನಗರಕ್ಕೆ ಜಾಗ ಮಾಡಿಕೊಟ್ಟರು. ಇಂದು ಕಾಂಕ್ರೀಟ್ ಕಾಲುವೆಯಾಗಿರುವ ಆ ಹೊಳೆಯನ್ನು ಜನ ಡ್ರೈ ರಿವರ್ ಎನ್ನುತ್ತಾರೆ.

ಆ ಕಾಲುವೆ ನಗರದ ಸಾಮಾಜಿಕ ಗಡಿಯೂ ಆಯಿತು. 1838ರಲ್ಲಿ ಗುಲಾಮಗಿರಿಯಿಂದ ಸಂಪೂರ್ಣ ಬಿಡುಗಡೆ ಹೊಂದಿದ ಜನ ತೋಟಗಳನ್ನು ಬಿಟ್ಟು ಬಂದು ಲಾವೆಂಟಿಲ್‌ನ ಕಡಿದಾದ ಗುಡ್ಡದಲ್ಲಿ, ಬೆಲ್ಮಾಂಟ್‌ನಲ್ಲಿ ಹಾಗೂ ಪೂರ್ವಕ್ಕೆ ಹೋಗುವ ರಸ್ತೆಯ ಬದಿಯ ಹಳ್ಳಿಗಳಲ್ಲಿ ನೆಲೆ ಕಂಡರು. ತೋಟಗಳಿಗೆ ಆಳುಗಳು ಬೇಕಾದಾಗ, ಅಷ್ಟರಲ್ಲಿ ಸ್ಪೇನಿನಿಂದ ದ್ವೀಪವನ್ನು ವಶಪಡಿಸಿಕೊಂಡಿದ್ದ ಬ್ರಿಟಿಷರು ಭಾರತದತ್ತ ತಿರುಗಿದರು. 1845ರ ಮೇ 30ರಂದು ಫತೆಲ್ ರಜಾಕ್ ಹಡಗು ಮೊದಲ ಕರಾರು ಕೂಲಿಗಳನ್ನು ಇಳಿಸಿತು. 1917ರವರೆಗೆ ಸುಮಾರು 1,40,000ಕ್ಕೂ ಹೆಚ್ಚು ಭಾರತೀಯರು ಹೀಗೆ ಬಂದರು. ಅವರಲ್ಲಿ ಹೆಚ್ಚಿನವರು ಭೋಜಪುರಿ ಸೀಮೆಯವರು, ಒಂದು ಭಾಗ ಮದ್ರಾಸ್ ಬಂದರಿನಿಂದ ಹೊರಟವರು. ಟ್ಯೂನಾಪೂನಾ, ಟಕಾರಿಗುವಾ, ಸೇಂಟ್ ಆಗಸ್ಟೀನ್ ಸುತ್ತಲಿನ ಕಬ್ಬಿನ ತೋಟಗಳಲ್ಲಿ ದುಡಿದು, ಕರಾರು ಮುಗಿದ ಮೇಲೆ ಅನೇಕರು ಅಲ್ಲೇ ಭೂಮಿ ಹಿಡಿದರು. ಅರೀಮಾದ್ದು ಇನ್ನೊಂದು ಕಥೆ: ಅದು ಸ್ಪ್ಯಾನಿಷ್ ಕಾಲದಲ್ಲಿ ಮೂಲನಿವಾಸಿಗಳನ್ನು ಒಟ್ಟುಗೂಡಿಸಿ ಇರಿಸಿದ ಕ್ರೈಸ್ತ ಮಿಷನ್ ಆಗಿತ್ತು. ಸಾಂತಾ ರೋಸಾ ಹಬ್ಬವನ್ನು ಆಚರಿಸುವ ಅವರ ವಂಶಸ್ಥರ ಸಮುದಾಯ ಇಂದಿಗೂ ಅಲ್ಲಿದೆ. ಐಪಿಎಲ್ ನೋಡುವ ನಮ್ಮವರಿಗೆ ಚಿರಪರಿಚಿತರಾದ ಕೀರನ್ ಪೊಲಾರ್ಡ್ ಟಕಾರಿಗುವಾದವರು, ಸುನಿಲ್ ನರೈನ್ ಅರೀಮಾದವರು. ಆಫ್ರಿಕನ್ ಮೂಲದವರೂ ಭಾರತೀಯ ಮೂಲದವರೂ ಒಂದೇ ರಸ್ತೆಯ ಅಕ್ಕಪಕ್ಕದ ಊರುಗಳಿಂದ ಬಂದು ಒಂದೇ ತಂಡದಲ್ಲಿ ಆಡುವುದಕ್ಕೆ ಈ ಇತಿಹಾಸವೇ ಹಿನ್ನೆಲೆ.

ಆದರೆ ಬಿಡಿಬಿಡಿ ಹಳ್ಳಿಗಳು ಒಂದೇ ನಗರವಾಗಿ ಬೆಸೆದುಕೊಂಡದ್ದು ಸಾರಿಗೆಯಿಂದ, ಮತ್ತು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲು ಇದ್ದದ್ದು ಈಸ್ಟರ್ನ್ ಮೇನ್ ರೋಡ್. ಬೆಟ್ಟದ ಬುಡವನ್ನು ಅನುಸರಿಸಿ ಪ್ರತಿ ಕಣಿವೆಯ ಬಾಯನ್ನೂ ಹಾದುಹೋಗುವ ಈ ರಸ್ತೆಗೆ ಕಣಿವೆಗಳ ದಾರಿಗಳು ಬಂದು ಕೂಡುವಲ್ಲೆಲ್ಲ ಒಂದೊಂದು ಸಂತೆ, ಒಂದೊಂದು ಊರು ಹುಟ್ಟಿತು. 1876ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಿಂದ ಅರೀಮಾಕ್ಕೆ ರೈಲು ಬಂತು. ಅದು ಹಾದದ್ದು ರಸ್ತೆಗೆ ಹತ್ತಿರದಲ್ಲೇ, ಹೆಚ್ಚುಕಡಿಮೆ ಸಮಾಂತರವಾಗಿ. ಉತ್ತರದ ಬೆಟ್ಟಗಳ ಕಣಿವೆಗಳಲ್ಲಿ ಬೆಳೆದ ಕೋಕೋ ಆ ಕಾಲದಲ್ಲಿ ದ್ವೀಪದ ಮುಖ್ಯ ರಫ್ತಾಗಿ ಬೆಳೆಯುತ್ತಿತ್ತು. ಆ ಬೀಜವನ್ನು ಬಂದರಿಗೆ ಸಾಗಿಸಿದ ರೈಲು ಅರೀಮಾವನ್ನು ಶ್ರೀಮಂತ ವ್ಯಾಪಾರದ ಪಟ್ಟಣವಾಗಿಸಿತು. 1888ರಲ್ಲಿ ಅದಕ್ಕೆ ವಿಕ್ಟೋರಿಯಾ ರಾಣಿಯಿಂದ ಪುರಸಭೆಯ ಸನ್ನದು ದೊರೆಯಿತು. 1920ರ ದಶಕದಲ್ಲಿ ಬೆಲೆ ಕುಸಿತ ಮತ್ತು ಗಿಡಗಳಿಗೆ ತಗುಲಿದ ರೋಗದಿಂದ ಕೋಕೋ ಸೊರಗಿತು. ಆದರೆ ಅದೇ ದಶಕದ ಆರಂಭದಲ್ಲಿ ಸೇಂಟ್ ಆಗಸ್ಟೀನ್‌ನಲ್ಲಿ ಸ್ಥಾಪನೆಯಾದ ಉಷ್ಣವಲಯದ ಕೃಷಿ ಕಾಲೇಜು ಮುಂದೆ 1960ರಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಭಾಗವಾಯಿತು. ಜಗತ್ತಿನ ಬಹು ಮುಖ್ಯವಾದ ಕೋಕೋ ತಳಿ ಸಂಗ್ರಹಗಳಲ್ಲೊಂದನ್ನು ಇಂದಿಗೂ ಅದು ಕಾಪಾಡುತ್ತಿದೆ.

ಎರಡನೆಯ ಮಹಾಯುದ್ಧ ಮೂರನೆಯ ಸಾಲನ್ನು ಹಾಕಿತು. ಬ್ರಿಟನ್ ಜೊತೆಗಿನ ಒಪ್ಪಂದದಂತೆ ಅಮೆರಿಕವು ಟ್ರಿನಿಡಾಡ್‌ನಲ್ಲಿ ನೆಲೆಗಳನ್ನು ಪಡೆದುಕೊಂಡು, ಅರೀಮಾದ ಆಚೆಗೆ ವಾಲರ್ ಫೀಲ್ಡ್ ವಾಯುನೆಲೆಯನ್ನು ಕಟ್ಟಿತು. ಅದನ್ನು ರಾಜಧಾನಿಗೆ ಜೋಡಿಸಲು ಅಮೆರಿಕನ್ ಸೇನೆ ನಿರ್ಮಿಸಿದ ನೇರ ರಸ್ತೆಯೇ ಚರ್ಚಿಲ್–ರೂಸ್‌ವೆಲ್ಟ್ ಹೆದ್ದಾರಿ. ಹಳೆಯ ರಸ್ತೆ ಜಲ್ಲಿಯ ಜಗಲಿಯ ಮೇಲಿದ್ದರೆ, ಹೆದ್ದಾರಿ ಅದರ ದಕ್ಷಿಣ ಅಂಚಿನಲ್ಲಿ, ಬಯಲಿನ ಕಡೆಗೆ ಹೋಯಿತು. ಅದರಿಂದ ಎರಡರ ನಡುವಿನ ಕಬ್ಬಿನ ಗದ್ದೆಗಳೆಲ್ಲ ಕಟ್ಟಡದ ನಿವೇಶನಗಳಾಗುವ ದಾರಿ ತೆರೆಯಿತು. 1950ರ ದಶಕದಲ್ಲಿ ಜೌಗಿನ ಅಂಚನ್ನು ತುಂಬಿ ಹಾಕಿದ ಬೀಥಮ್ ಹೆದ್ದಾರಿ ಅದನ್ನು ನಗರಕ್ಕೆ ಮುಟ್ಟಿಸಿತು. 1968ರ ಡಿಸೆಂಬರ್‌ನಲ್ಲಿ ರೈಲು ನಿಂತಿತು. ಆಗ ಹಳಿ ಕಿತ್ತ ಜಾಗವನ್ನು ವ್ಯರ್ಥ ಬಿಡದೆ ಬಸ್ಸುಗಳಿಗೆ ಮೀಸಲಾದ ರಸ್ತೆಯನ್ನಾಗಿ ಮಾಡಿದರು. ಪ್ರಯಾರಿಟಿ ಬಸ್ ರೂಟ್ ಎಂಬ ಈ ದಾರಿಯಲ್ಲಿ ಇಂದು ಸರಕಾರಿ ಬಸ್ಸುಗಳು, ಮ್ಯಾಕ್ಸಿ ಟ್ಯಾಕ್ಸಿಗಳು ಮತ್ತು ಅನುಮತಿ ಪಡೆದ ಕೆಲವು ವಾಹನಗಳು ಮಾತ್ರ ಓಡಬಹುದು. ಮ್ಯಾಕ್ಸಿ ಎಂದರೆ ಖಾಸಗಿ ಒಡೆತನದ ವ್ಯಾನು. ಅದರ ಬದಿಯ ಪಟ್ಟೆಯ ಬಣ್ಣ ಅದರ ಸೀಮೆಯನ್ನು ಹೇಳುತ್ತದೆ. ಕಾರಿಡಾರ್‌ನದು ಕೆಂಪು, ರಾಜಧಾನಿ ಮತ್ತು ಅದರ ಪಶ್ಚಿಮದ್ದು ಹಳದಿ, ದಕ್ಷಿಣದ ಚಗುವಾನಾಸ್ ಪಟ್ಟಣದ ಕಡೆಗೆ ಹೋಗುವಂಥವು ಹಸಿರು. ಇವೆಲ್ಲ ಬಂದು ಕೂಡುವ ಸಿಟಿ ಗೇಟ್ ನಿಲ್ದಾಣ ಇರುವುದು ಹಳೆಯ ರೈಲು ನಿಲ್ದಾಣದಲ್ಲೇ.

ರೈಲಿನ ಜಾಗವನ್ನು ಸಾರ್ವಜನಿಕ ಸಾರಿಗೆಗೇ ಉಳಿಸಿಕೊಂಡದ್ದು ಆ ದೇಶ ಮಾಡಿದ ಅತ್ಯಂತ ವಿವೇಕದ ನಗರ ನಿರ್ಧಾರಗಳಲ್ಲಿ ಒಂದೆಂದು ನನ್ನ ಅಭಿಪ್ರಾಯ. ಆ ದಾರಿ ಇಲ್ಲದಿದ್ದರೆ ಸ್ವಂತ ಕಾರಿಲ್ಲದ ಅರೀಮಾದ ಗುಮಾಸ್ತನೊಬ್ಬ ನಗರದ ಕಚೇರಿಯ ಕೆಲಸವನ್ನು ಉಳಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು. ಆದರೂ ಮೂಲ ತೊಡಕು ಉಳಿದೇ ಇದೆ. ಮೂರು ಸಮಾಂತರ ದಾರಿಗಳೂ ಪಶ್ಚಿಮದಲ್ಲಿ ಕೊನೆಗೊಳ್ಳುವುದು ಲಾವೆಂಟಿಲ್ ಗುಡ್ಡಕ್ಕೂ ಜೌಗಿಗೂ ನಡುವಿನ ಇಕ್ಕಟ್ಟಿನ ಸಂದಿಯಲ್ಲಿ. ದಕ್ಷಿಣದ ಸಾನ್ ಫೆರ್ನಾಂಡೊ ಮತ್ತು ಚಗುವಾನಾಸ್‌ಗಳ ವಾಹನಗಳನ್ನು ತರುವ ಉರಿಯಾ ಬಟ್ಲರ್ ಹೆದ್ದಾರಿಯೂ ಇದೇ ಸಾಲಿಗೆ ಬಂದು ಸೇರುತ್ತದೆ. ಮೇಲ್ಸೇತುವೆಗಳನ್ನು ಕಟ್ಟಿ ಅಡ್ಡರಸ್ತೆಗಳ ಸಿಗ್ನಲ್ಲುಗಳನ್ನು ತೆಗೆದಾಗ ವಾಹನಗಳು ಆ ಸಂದಿಯನ್ನು ಇನ್ನಷ್ಟು ಬೇಗ ತಲುಪುತ್ತವೆ, ಆದರೆ ಸಂದಿ ಅಗಲವಾಗುವುದಿಲ್ಲ. ಹೊಸ ರೈಲಿನ ಯೋಜನೆಯೊಂದನ್ನು 2000ರ ದಶಕದಲ್ಲಿ ಸರಕಾರ ಸಿದ್ಧಪಡಿಸಿತ್ತು. 2010ರಲ್ಲಿ ಸರಕಾರ ಬದಲಾದಾಗ ಅದನ್ನು ಕೈಬಿಡಲಾಯಿತು.

ಇಷ್ಟು ಜನ ಪ್ರತಿದಿನ ಆ ಸಂದಿಯೊಳಗೆ ನುಗ್ಗುವುದೇಕೆ ಎಂಬುದನ್ನು ತಿಳಿಯಲು ಹಣ ಹರಿಯುವ ದಾರಿಯನ್ನು ನೋಡಬೇಕು. ತೈಲ, ಅನಿಲ ಮತ್ತು ಅವುಗಳಿಂದ ತಯಾರಾಗುವ ರಾಸಾಯನಿಕಗಳು ದೇಶದ ರಫ್ತಿನ ಬಹುಪಾಲು, ಸಾಮಾನ್ಯವಾಗಿ ಶೇ. 80ರ ಆಸುಪಾಸು. ಆದರೆ ಆ ಉದ್ಯಮ ಯಂತ್ರಪ್ರಧಾನವಾದದ್ದು. ನೇರ ಉದ್ಯೋಗದಲ್ಲಿ ಅದರ ಪಾಲು ಬಹಳ ಚಿಕ್ಕದು. ಹಾಗಾಗಿ ಅನಿಲದ ಆದಾಯ ಜನರ ಕೈಗೆ ಸೇರುವುದು ಮುಖ್ಯವಾಗಿ ಸರಕಾರದ ಮೂಲಕ: ಮೊದಲು ತೆರಿಗೆ ಮತ್ತು ರಾಜಧನವಾಗಿ ಬೊಕ್ಕಸಕ್ಕೆ ಬಂದು, ನಂತರ ಸಂಬಳ, ಕಾಮಗಾರಿ, ಸಹಾಯಧನ, ವಿದ್ಯಾರ್ಥಿವೇತನಗಳಾಗಿ ಹೊರಹೋಗುತ್ತದೆ. ಬೊಕ್ಕಸ ಇರುವುದು ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಸರಕಾರಿ ನೌಕರರ ಸಂಬಳದ ಮೇಲೆ ಬ್ಯಾಂಕು, ವಿಮೆ, ಅಂಗಡಿ, ಶಾಲೆ, ಹೋಟೆಲು, ರಿಪೇರಿ ಕಾರ್ಯಾಗಾರಗಳ ಇಡೀ ಸೇವಾ ಜಗತ್ತು ನಿಂತಿದೆ. ನಗರದೊಳಗೆ ವಾಸಿಸುವವರ ಸಂಖ್ಯೆ 1960ರ ಸುಮಾರಿಗೆ ತೊಂಬತ್ತು ಸಾವಿರ ದಾಟಿದ್ದದ್ದು ಅನಂತರ ಅರ್ಧಕ್ಕಿಂತ ಕೆಳಗಿಳಿದಿದೆ, ಆದರೆ ಹಗಲಿನಲ್ಲಿ ಅಲ್ಲಿ ದುಡಿಯುವವರು ವಾಸಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಮನೆಗಳು ಪೂರ್ವಕ್ಕೆ ಸರಿದವು, ಕಚೇರಿಗಳು ಸರಿಯಲಿಲ್ಲ.

ಈ ಸರಿದಾಟಕ್ಕೆ ಬಲ ಬಂದದ್ದು 1973ರ ನಂತರದ ತೈಲ ಬೆಲೆಯೇರಿಕೆಯಲ್ಲಿ. ಒಂದೇ ದಶಕದಲ್ಲಿ ಸರಕಾರದ ಆದಾಯ ಹಲವು ಪಟ್ಟಾಯಿತು, ಕೂಲಿ ಏರಿತು, ಇಂಧನಕ್ಕೆ ಸಹಾಯಧನ ಸಿಕ್ಕಿತು, ಮಧ್ಯಮವರ್ಗದ ಮನೆಮನೆಗೂ ಕಾರು ಬಂತು. ಕೂಲಿ ಏರಿದಾಗ ಕಬ್ಬು, ಕೋಕೋ ಮತ್ತು ತರಕಾರಿ ಬೆಳೆಯುವುದು ಲಾಭದಾಯಕವಾಗಿ ಉಳಿಯಲಿಲ್ಲ. ಒಂದು ಖನಿಜದ ಸಂಪತ್ತು ಉಳಿದ ಉತ್ಪಾದನೆಯನ್ನು ಬಡವಾಗಿಸುವ ಈ ವಿದ್ಯಮಾನ ಅರ್ಥಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರುವಂಥದ್ದು. ಹೆದ್ದಾರಿಯ ಪಕ್ಕದ ತೋಟದ ಭೂಮಿಯಲ್ಲಿ ಮಲೋನಿಯ ಬಹುಮಹಡಿ ಕಟ್ಟಡಗಳು, ಲಾ ಹೊರ್ಕೆಟಾದ ಸಾಲುಮನೆಗಳು, ಟ್ರಿನ್‌ಸಿಟಿಯ ಬಡಾವಣೆ ಮತ್ತು ಮಾಲ್ ಎದ್ದವು. 2003ರಲ್ಲಿ ಸರಕಾರಿ ಒಡೆತನದ ಸಕ್ಕರೆ ಕಂಪನಿ ಕರೋನಿ ತನ್ನ ಕಾರ್ಮಿಕರನ್ನು ಮನೆಗೆ ಕಳುಹಿಸಿದಾಗ ಹಳೆಯ ಕಬ್ಬಿನ ಅರ್ಥವ್ಯವಸ್ಥೆಯ ಕೊನೆ ಬಹುಮಟ್ಟಿಗೆ ನಿಶ್ಚಯವಾಯಿತು. ಸಾನ್ ಹ್ವಾನ್ ಪಕ್ಕದ ಅರಾಂಗ್ವೆಸ್‌ನಲ್ಲಿ ಮಾತ್ರ ಭಾರತೀಯ ಮೂಲದ ರೈತ ಕುಟುಂಬಗಳು ಹೆದ್ದಾರಿಯ ಅಂಚಿನಲ್ಲೇ ಸೊಪ್ಪು ತರಕಾರಿ ಬೆಳೆಯುವುದನ್ನು ಬಿಟ್ಟಿಲ್ಲ. ನಿವೇಶನದ ಬೆಲೆ ನಾಲ್ಕೂ ಕಡೆಯಿಂದ ಒತ್ತುತ್ತಿರುವಾಗ ಅವರು ಹಿಡಿದು ನಿಂತಿರುವುದು ಗೌರವಕ್ಕೆ ಅರ್ಹ.

ಕಾರಿಡಾರ್‌ನಲ್ಲಿ ತಯಾರಿಕೆಯೂ ಇಲ್ಲದೆ ಇಲ್ಲ. ಲಾವೆಂಟಿಲ್‌ನಲ್ಲಿ ಆಂಗೊಸ್ಟುರಾ ಕಂಪನಿಯ ರಮ್ ಮತ್ತು ಬಿಟರ್ಸ್ (ಪಾನೀಯಗಳಿಗೆ ಹನಿಸುವ ಕಹಿ ಸಾರ), ಶಾಂ ಫ್ಲರ್‌ನಲ್ಲಿ ಕ್ಯಾರಿಬ್ ಬಿಯರ್, ಅರೀಮಾದ ಓಮೇರಾ ಕೈಗಾರಿಕಾ ವಸಾಹತಿನಲ್ಲಿ ಹಲವು ಸಣ್ಣ ಕಾರ್ಖಾನೆಗಳಿವೆ. ಇಲ್ಲಿ ತಯಾರಾಗುವ ಆಹಾರ ಮತ್ತು ಪಾನೀಯಗಳಿಗೆ ಉಳಿದ ಕೆರಿಬಿಯನ್ ದ್ವೀಪಗಳೂ ಮಾರುಕಟ್ಟೆ.

ಹಣ ಹರಿದು ಬಂದರೂ ಸಮನಾಗಿ ಹಂಚಿಕೆಯಾಗಲಿಲ್ಲ, ಮತ್ತು ಇದು ಅತ್ಯಂತ ನೋವಿನಿಂದ ಕಾಣುವುದು ಕಾರಿಡಾರ್‌ನ ಪಶ್ಚಿಮ ತುದಿಯಲ್ಲೇ. ಬೀಥಮ್ ಹೆದ್ದಾರಿಯ ಒಂದು ಬದಿಗೆ ನಗರದ ಕಸ ಸುರಿಯುವ ಜಾಗ, ಇನ್ನೊಂದು ಬದಿಗೆ ಬೀಥಮ್ ಗಾರ್ಡನ್ಸ್ ವಸತಿ, ಅದರ ಹಿಂದೆ ಲಾವೆಂಟಿಲ್ ಗುಡ್ಡ. ಸಂಪತ್ತಿನ ಕೇಂದ್ರದಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೂ ಈ ಬಡಾವಣೆಗಳು ದಶಕಗಳಿಂದ ನಿರುದ್ಯೋಗ ಮತ್ತು ಬಂದೂಕಿನ ಗುಂಪುಗಳ ಹಿಂಸೆಯನ್ನು ಅನುಭವಿಸುತ್ತಿವೆ. ಅಲ್ಲಿನ ವಿಳಾಸ ಕೊಟ್ಟರೆ ಕೆಲಸ ಸಿಗುವುದಿಲ್ಲವೆಂಬ ದೂರು ಹಳೆಯದು. ಎಸೆದ ಲೋಹದ ಡಬ್ಬಗಳನ್ನೂ ತೈಲದ ಪೀಪಾಯಿಗಳನ್ನೂ ಬಡಿದು ಸ್ವರ ಹೊರಡಿಸಿ, ಸ್ಟೀಲ್‌ಪ್ಯಾನ್ ಎಂಬ ವಾದ್ಯವನ್ನು ಜಗತ್ತಿಗೆ ಕೊಟ್ಟವರು ಇದೇ ಗುಡ್ಡದ ಮತ್ತು ಸುತ್ತಲಿನ ಕೇರಿಗಳ ಜನ. 1992ರಲ್ಲಿ ಅದನ್ನು ರಾಷ್ಟ್ರೀಯ ವಾದ್ಯವೆಂದು ಘೋಷಿಸಲಾಯಿತು. ವಾದ್ಯಕ್ಕೆ ಸಿಕ್ಕ ಮಾನ್ಯತೆ ಅದನ್ನು ಹುಟ್ಟಿಸಿದವರ ಬೀದಿಗಳಿಗೆ ಸಿಕ್ಕಿಲ್ಲ ಎಂಬುದನ್ನು ಮರೆಯಬಾರದು.

ಜನ ಹೆಚ್ಚಿದಂತೆ ಕಟ್ಟಡಗಳು ಜಲ್ಲಿಯ ಜಗಲಿಯ ಎರಡೂ ಅಂಚುಗಳನ್ನು ದಾಟಿದವು. ಮೇಲೆ, ಕಣಿವೆಗಳ ಇಳಿಜಾರುಗಳಲ್ಲಿ ಮರ ಕಡಿದು ಮನೆ ಕಟ್ಟಿದರು. ಕಟ್ಟಡಗಳಿಗೆ ಬೇಕಾದ ಜಲ್ಲಿಗಾಗಿ ಬೆಟ್ಟಸಾಲಿನಲ್ಲಿ ಕ್ವಾರಿಗಳು ತೆರೆದುಕೊಂಡವು. ಜನವರಿಯಿಂದ ಮೇವರೆಗಿನ ಬೇಸಿಗೆಯಲ್ಲಿ ಕಾಳ್ಗಿಚ್ಚು ಇಳಿಜಾರುಗಳನ್ನು ಬೋಳು ಮಾಡುತ್ತದೆ. ಕೆಳಗೆ, ನೆರೆಯ ನೀರು ಹರಡಿಕೊಳ್ಳುತ್ತಿದ್ದ ಬಯಲಿಗೆ ಬಡಾವಣೆಗಳು ಇಳಿದವು. ಮೇಲಿನ ಬೋಳು ಮತ್ತು ಕೆಳಗಿನ ಕಾಂಕ್ರೀಟು ಎರಡೂ ಸೇರಿ ನೀರಿನ ವೇಗವನ್ನು ಹೆಚ್ಚಿಸಿ ಅದು ನಿಲ್ಲುವ ಜಾಗವನ್ನು ಕಡಿಮೆ ಮಾಡುತ್ತವೆ. 2018ರ ಅಕ್ಟೋಬರ್‌ನಲ್ಲಿ ಕೆಲವು ದಿನ ಸತತವಾಗಿ ಮಳೆ ಸುರಿದಾಗ ಲಾ ಹೊರ್ಕೆಟಾದ ಗ್ರೀನ್‌ವೇಲ್ ಎಂಬ ಸರಕಾರಿ ವಸತಿ ಬಡಾವಣೆ ಮುಳುಗಿ, ಜನ ಮನೆಗಳ ಮಾಡು ಹತ್ತಿ ರಕ್ಷಣೆಗೆ ಕಾಯಬೇಕಾಯಿತು. ಸರಕಾರವೇ ಕಟ್ಟಿಸಿ ಹಂಚಿದ ಮನೆಗಳು ಹೀಗೆ ಮುಳುಗಿದ್ದು, ಸೂಕ್ತ ಜಾಗದ ಅಭಾವ ಎಷ್ಟು ತೀವ್ರವಾಗಿದೆಯೆಂಬುದನ್ನು ತೋರಿಸಿತು. ನೆಲದೊಳಗೂ ಅಪಾಯವಿದೆ. ಕೆರಿಬಿಯನ್ ಮತ್ತು ದಕ್ಷಿಣ ಅಮೆರಿಕದ ಭೂಫಲಕಗಳು ಒಂದನ್ನೊಂದು ಉಜ್ಜುವ ಗಡಿವಲಯದಲ್ಲೇ ದ್ವೀಪವಿದೆ. ಅದೇ 2018ರ ಆಗಸ್ಟ್ 21ರಂದು ವೆನೆಜುವೆಲಾದ ಕರಾವಳಿಯಲ್ಲಿ ಸಂಭವಿಸಿದ 7.3ರಷ್ಟು ತೀವ್ರತೆಯ ಭೂಕಂಪ ಪೋರ್ಟ್ ಆಫ್ ಸ್ಪೇನ್‌ನ ಕಟ್ಟಡಗಳಿಗೂ ಹಾನಿ ಮಾಡಿತು. ಸಮುದ್ರ ತುಂಬಿ ಪಡೆದ ಸಡಿಲ ನೆಲದ ಮೇಲೆ ನಗರದ ಕೆಳಭಾಗ ನಿಂತಿರುವುದರಿಂದ ಎಂಜಿನಿಯರುಗಳ ಆತಂಕ ಅಕಾರಣವಲ್ಲ.

ಒತ್ತಡವನ್ನು ತಗ್ಗಿಸಲು ಇರುವ ದಾರಿಗಳು ಎರಡು. ಒಂದು, ದಕ್ಷಿಣಕ್ಕೆ ಹರಡುವುದು. ಅದು ತಾನಾಗಿಯೇ ನಡೆಯುತ್ತಿದೆ. ಮಧ್ಯ ಟ್ರಿನಿಡಾಡ್‌ನ ಚಗುವಾನಾಸ್ 2011ರ ಹೊತ್ತಿಗೇ 83,516 ಜನರಿರುವ, ರಾಜಧಾನಿಯ ಇಮ್ಮಡಿಗಿಂತ ದೊಡ್ಡ ಪಟ್ಟಣವಾಗಿತ್ತು. ಇನ್ನೊಂದು, ಅರೀಮಾವನ್ನೂ ದಾಟಿ ಪೂರ್ವಕ್ಕೆ ಮುಂದುವರಿಯುವುದು. ಸಾಂಗ್ರೆ ಗ್ರಾಂಡೆಯತ್ತ ಹೆದ್ದಾರಿಯನ್ನು ಬೆಳೆಸುವ ಕೆಲಸಕ್ಕೆ ಪರಿಸರವಾದಿಗಳು ಆಕ್ಷೇಪ ಎತ್ತಿದ್ದಾರೆ, ಏಕೆಂದರೆ ಆ ದಾರಿ ದ್ವೀಪದಲ್ಲಿ ಉಳಿದಿರುವ ಅಪರೂಪದ ನೈಸರ್ಗಿಕ ಹುಲ್ಲುಗಾವಲಾದ ಅರೀಪೊ ಸವಾನಾದ ಹತ್ತಿರ ಹಾಯುತ್ತದೆ. ಅದನ್ನು 2007ರಲ್ಲಿ ಪರಿಸರಸೂಕ್ಷ್ಮ ಪ್ರದೇಶವೆಂದು ಘೋಷಿಸಲಾಗಿದೆ. ಕೆಲಸಗಳನ್ನೇ ಪೂರ್ವಕ್ಕೆ ಒಯ್ಯುವ ಪ್ರಯತ್ನವಾಗಿ, ಹಳೆಯ ಅಮೆರಿಕನ್ ವಾಯುನೆಲೆಯಿದ್ದ ವಾಲರ್‌ಫೀಲ್ಡ್‌ನಲ್ಲಿ ಸರಕಾರ ತಮಾನಾ ಇನ್‌ಟೆಕ್ ಪಾರ್ಕ್ ಎಂಬ ತಂತ್ರಜ್ಞಾನ ವಸಾಹತನ್ನು ರೂಪಿಸಿತು. ಅದು ನಿರೀಕ್ಷಿಸಿದ ವೇಗದಲ್ಲಿ ತುಂಬಲಿಲ್ಲ. ನನಗೆ ಇದರ ಕಾರಣ ಸ್ಪಷ್ಟವಾಗಿಯೇ ಕಾಣುತ್ತದೆ: ಅನಿಲದ ಆದಾಯವನ್ನು ಹಂಚುವ ಸಚಿವಾಲಯಗಳು ಪಶ್ಚಿಮ ತುದಿಯ ಬಂದರಿನಲ್ಲೇ ಇರುವವರೆಗೆ, ಆ ಕಚೇರಿಗಳೊಡನೆ ದಿನನಿತ್ಯ ವ್ಯವಹರಿಸಬೇಕಾದ ಉದ್ಯಮಗಳು ಪೂರ್ವದಲ್ಲಿ ನಿವೇಶನ ಅಗ್ಗವೆಂಬ ಒಂದೇ ಕಾರಣಕ್ಕೆ 24 ಕಿಲೋಮೀಟರಿಗೂ ಹೆಚ್ಚು ದೂರ ಹೋಗುವುದಿಲ್ಲ.